ಅಜ್ಜಿ ಕಲಿಸಿದ ಸ್ವಾಹಿಲಿ

"ಲೇಟೆ ಚಾಯ್!" ಎಂದಳು ಫಿಲಿಪ್ಪಾ, ನಗುನಗುತ್ತಾ. ಕೀನ್ಯಾದ ಈ ತೋಟದ ಬಂಗಲೆ ಒಂದು ಕಾಲಕ್ಕೆ ಅವಳ ಅಜ್ಜಿಯದು, ಈಗ ನ್ಯೋಕಾಬಿಯದು. ಅಜ್ಜಿ ಕಲಿಸಿದ ಸ್ವಾಹಿಲಿಯಲ್ಲೇ ಚಹಾ ಕೇಳಿ ಮನೆಯವರನ್ನು ಮೆಚ್ಚಿಸಬೇಕೆಂದು ಇಂಗ್ಲೆಂಡಿನಿಂದ ಹೊರಡುವಾಗಲೇ ಅಂದುಕೊಂಡಿದ್ದಳು.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನ್ಯೋಕಾಬಿಯ ಮುದಿ ತಾಯಿ ದಡಕ್ಕನೆ ಎದ್ದು ನಿಂತಳು. ಮಡಿಲ ಕಾಳೆಲ್ಲ ನೆಲದ ಪಾಲಾಯಿತು. "ಬಂದೆ, ಮೇಮ್‌ಸಾಬ್!"

"ಕೂತ್ಕೋ ಅವ್ವಾ, ಆ ಮೇಮ್‌ಸಾಬ್ ಸತ್ತು ಯಾವ ಕಾಲ ಆಯ್ತು!" ನ್ಯೋಕಾಬಿ ತಾಯಿಯ ಭುಜ ಹಿಡಿದು ಕೂರಿಸಿದಳು. ಆಮೇಲೆ ಅತಿಥಿಯತ್ತ ತಿರುಗಿದಳು. "ಅದು ಕೇಳೋ ಮಾತಲ್ಲ ಕಣಮ್ಮಾ. 'ಚಾ ತಾರೇ' ಅಂತ ಆಳಿಗೆ ಹೇಳೋ ಮಾತು."

ಫಿಲಿಪ್ಪಾಳ ಮುಖ ಕೆಂಪಾಯಿತು. ನೆಲಕ್ಕೆ ಕೂತು ಕಾಳು ಆಯುತ್ತಾ, ಕ್ಷಮೆ ಕೇಳಲೆಂದು ತನಗೆ ಗೊತ್ತಿದ್ದ ಸ್ವಾಹಿಲಿಯನ್ನೆಲ್ಲ ತಡಕಾಡಿದಳು: ತಾ, ಎತ್ತು, ಬೇಗ, ತೊಲಗು. ಅಜ್ಜಿ ಕಲಿಸಿದ್ದು ಅಷ್ಟೇ.