ಅಡ್ಡಗೆರೆ ಬಿದ್ದ ಜಾಗ

“ಬೇಡ ಅಂದ್ರೆ ಸಾಕಾಗಲ್ಲ ಕಣೇ. ಯಾಕೆ ಬೇಡ, ಅದ್ನ ಹೇಳು,” ಎಂದು ಮುದ್ದಮ್ಮ ಮೂರನೇ ಸಲ ಕೇಳಿದಳು.

ಭಾನುವಾರ ಬಾಣಾವರದಿಂದ ಗಂಡಿನ ಕಡೆಯವರು ಬರುವವರಿದ್ದರು. ಬನ್ನಿ ಎನ್ನುವುದೋ ಬೇಡವೆನ್ನುವುದೋ, ಸಂಜೆಯೊಳಗೆ ಫೋನ್ ಮಾಡಬೇಕು. ಮೊಮ್ಮಗಳು ಮಾಲಿನಿ ಮೈಸೂರಿನ ಕಾಲೇಜಿನಿಂದ ತಂದ ಉದ್ದನೆಯ ಕಂಪ್ಯೂಟರ್ ಹಾಳೆಯನ್ನು ಹಾರನಹಳ್ಳಿಯ ಮನೆಯ ಜಗಲಿಯ ಮೇಲೆ ಹಾಸುತ್ತಿದ್ದಳು.

ಅವಳ ಓದೇ ಒಂದು ವಿಚಿತ್ರ. ಇಲಿ, ಕೋಳಿ, ಮನುಷ್ಯ, ಎಲ್ಲರ ರಕ್ತದಲ್ಲೂ ಇರುವ ಪ್ರೋಟೀನನ್ನು ಅಕ್ಷರಗಳ ಸಾಲಾಗಿ ಬರೆದು ಒಂದರ ಕೆಳಗೊಂದು ಹೊಂದಿಸುವುದು. ಹೆಚ್ಚು ಹೋಲುವ ಎರಡು ಸಾಲು ಮೊದಲು, ಉಳಿದವು ಒಂದೊಂದಾಗಿ. ಅಕ್ಷರ ತಪ್ಪಿಹೋದ ಕಡೆ ಅಡ್ಡಗೆರೆ. ಅಜ್ಜಿಗೆ ತಿಳಿಯಲೆಂದು ಈ ಸಲ ಹಸೆಹಾಡನ್ನೇ ಹಾಗೆ ಹೊಂದಿಸಿ ತಂದಿದ್ದಳು.

ಹೋದ ರಜೆಯಲ್ಲಿ, ಟೇಪ್ ಸರಿಯಿದೆಯೇ ಎಂದು ಮೊದಲು ತಾನೇ ಹಾಡಿ ನೋಡಿ, ಆಮೇಲೆ ಅಜ್ಜಿಯಿಂದಲೂ, ಹಳೇಬೀಡಿಗೆ ಕೊಟ್ಟಿದ್ದ ಅಜ್ಜಿಯ ತಂಗಿ ದೇವೀರಮ್ಮ, ಅರಸೀಕೆರೆಗೆ ಕೊಟ್ಟಿದ್ದ ಇನ್ನೊಬ್ಬ ತಂಗಿ ಗುರುಸಿದ್ದಮ್ಮ ಇವರಿಂದಲೂ ಹಾಡಿಸಿಕೊಂಡಿದ್ದಳು. ಕರಿಯ ಹಸುವಿನ ಹಾಲು, ಗಿಡ್ಡ ಮಾವಿನ ಎಲೆ, ಲಕ್ಕ ಚುಕ್ಕಿಯ ಸೀರೆ, ಹಸೆಯ ಮುಂದೆ ದೀಪಕದ ಬೆಳಕು. ಮದುವೆಗೆ ಬೇಕಾದ್ದೆಲ್ಲ ಆ ಹಾಡಿನಲ್ಲಿತ್ತು.

“ಇದ್ನೆಲ್ಲ ಜೋಡ್ಸಿದ್ದು ನೀನೊಬ್ಳೇನಾ?”

“ಅವರೂ ಇದ್ರು.”

“ಅವರು ಅಂದ್ರೆ?”

“ನಮ್ಮ ಲ್ಯಾಬಲ್ಲಿ… ಅವರು.” ಮಾಲಿನಿ ಹಾಳೆ ಸರಿಸಿದಳು. “ಇಲ್ನೋಡಜ್ಜಿ, ಸಾಲಿಗೊಂದು ಅಡ್ಡಗೆರೆ. ನೀನು ‘ಕರಿಯ’ ಮರೆತಿದ್ದೀಯ. ದೇವೀರಜ್ಜಿ ‘ಗಿಡ್ಡ’, ಗುರುಸಿದ್ದಜ್ಜಿ ‘ಲಕ್ಕ’.”

ಮುದ್ದಮ್ಮ ಎಲೆಅಡಿಕೆಯ ಬಾಯಲ್ಲೇ ನಕ್ಕಳು. “ಮರೆವಲ್ಲ ಕಣೇ ಅದು. ನಿಮ್ಮ ತಾತನ ಹೆಸ್ರೇನು?”

“ಕರಿಯಯ್ಯ.”

“ದೇವೀರಿ ಗಂಡ? ಗುರುಸಿದ್ದಿ ಗಂಡ?”

“ಗಿಡ್ಡಪ್ಪ. ಲಕ್ಕಪ್ಪ…” ಮಾಲಿನಿ ಬಾಯಿ ಮುಚ್ಚಿಕೊಂಡಳು. “ಅಯ್ಯೋ ಅಜ್ಜಿ.”

“ಕೈ ಹಿಡ್ದೋನ ಹೆಸ್ರು ನಾಲಿಗೆ ಮ್ಯಾಲೆ ಬರಬಾರ್ದು. ರಾಗ ಎಳ್ದು ದಾಟ್ಕೊಂಡ್ಬಿಡ್ತೀವಿ.”

ಮಾಲಿನಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಓದು ಬಾರದ ಮುದ್ದಮ್ಮ ಅಷ್ಟರಲ್ಲಿ ಬೆರಳಿಟ್ಟು ಸಾಲು ಎಣಿಸುತ್ತಿದ್ದಳು.

“ನಾವು ಮೂವರು. ಇಲ್ಲಿ ನಾಲ್ಕೈತಲ್ಲೇ?”

“ಕೊನೇದು ನಂದು. ಟೇಪ್ ನೋಡೋಕೆ ಹಾಡಿದ್ನಲ್ಲ.”

“ಅದ್ರಾಗೂ ಒಂದು ಗೆರೆ ಐತೆ. ನೀನೇನು ಬಿಟ್ಟೆ, ಓದು.”

ಮಾಲಿನಿ ಬಗ್ಗಿ ನೋಡಿದಳು. ನಗು ನಿಂತಿತು. ಮುಖ ಕಿವಿಯವರೆಗೂ ಕೆಂಪೇರಿತು.

“ಹಸೆಯ ಮುಂದೆ… ಊಂ… ಬೆಳಕು,” ಎಂದಳು.

“ಸರಿ, ಬಾಣಾವರದೋರಿಗೆ ಬೇಡ ಅಂತ ನಾನೇ ಹೇಳ್ತೀನಿ,” ಎಂದು ಮುದ್ದಮ್ಮ ಎದ್ದಳು. “ಭಾನುವಾರ ಆ ದೀಪಕನ ಮನೆಯೋರು ಬತ್ತಾರಾ, ಕೇಳು.”