ಕಿವುಡನ ಬಾಯಲ್ಲಿ ದೇವರ ನುಡಿ

ತಿರಕಪ್ಪನ ಬೆನ್ನ ಹಿಂದೆ ಹಿತ್ತಾಳೆಯ ಹಂಡೆ ಧಡ್ ಎಂದು ಬಿತ್ತು. ನೆಲ ಅದುರಿತು, ಬೆಕ್ಕು ಎದ್ದು ಓಡಿತು, ಪಕ್ಕದ ಮನೆಯವರು ಬಂದು ಇಣುಕಿದರು. ತಿರಕಪ್ಪ ಮಾತ್ರ ತಿರುಗಲಿಲ್ಲ. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತೇ ಇದ್ದ.

ಹಂಡೆ ಬೀಳಿಸಿದವನು ಕಿರಣಕುಮಾರ, ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಹೇಳುವವನು. ತಿರಕಪ್ಪನ ಹೆಂಡತಿ ಸುಶೀಲವ್ವನಿಗೆ ಮೈಯೆಲ್ಲ ಉರಿಯಿತು.

"ನನ್ನ ಗಂಡ ಕಿವುಡ ಅಂತ ಇಡೀ ಬ್ಯಾಡಗಿಗೆ ಗೊತ್ತೈತ್ರಿ ಸರ. ನಿಮಗ ಹಂಡೆ ಬಂದು ಹೇಳಬೇಕಾತೇನು?"

"ತಪ್ಪು ತಿಳೀಬ್ಯಾಡ್ರಿ ಅಮ್ಮಾರ. ನೋಡೋದು ನನ್ನ ಕೆಲಸ."

ಎಂಟು ವರ್ಷದ ಹಿಂದೆ ಕಲ್ಲಿನ ಕ್ವಾರಿಯಲ್ಲಿ ಮದ್ದು ಸಿಡಿದು ತಿರಕಪ್ಪನ ಕಿವಿ ಹೋಗಿತ್ತು. ಓದು ಮೊದಲೇ ಇರಲಿಲ್ಲ. ಅಂಥವನು ಈಗ ನಾಲ್ಕು ವರ್ಷದಿಂದ ಅಮಾವಾಸ್ಯೆ ಬಂತೆಂದರೆ ಗುಡ್ಡದಯ್ಯನ ಗುಡಿಯಲ್ಲಿ ಮೈದುಂಬಿ ನುಡಿಯುತ್ತಿದ್ದ. "ಹೊಟ್ಟೆಯೊಳಗಿನ ಬೆಂಕಿಗೆ ಹೊಗೆ ಇಲ್ಲ ತಾಯೀ, ಅದನ್ನು ನಾ ಬಲ್ಲೆ" ಎಂದರೆ ಹಾವೇರಿ, ಕರ್ಜಗಿಯಿಂದ ಬಂದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಗುಡಿಯ ಹಿರಿಯ ಪ್ರಭುಲಿಂಗಪ್ಪ ಆ ನುಡಿಗಳನ್ನೆಲ್ಲ ಅಚ್ಚು ಹಾಕಿಸಿ, ದೇವರ ಮುಂದೆ ನಿತ್ಯ ಓದುವ ಗ್ರಂಥ ಮಾಡಬೇಕೆಂದಿದ್ದ. ಕಮಿಟಿಯಲ್ಲಿ ಕೆಲವರು ಮೂಗು ಮುರಿದರು. ಮಾಸ್ತರನನ್ನು ಕರೆಸಿದ್ದು ಅದಕ್ಕೇ.

ಕಿರಣಕುಮಾರ ಸುಮ್ಮನೆ ಬಂದವನಲ್ಲ. ತಿರಕಪ್ಪನ ನುಡಿ ಹಳೆಯ ಹಾಡೇನಾದರೂ ಇರಬಹುದೆಂದು ಕುಪ್ಪೇಲೂರಿನವರೆಗೂ ಹೋಗಿ ಮುದುಕಿಯರನ್ನು ಹಾಡಿಸಿದ್ದ. ಒಬ್ಬರಿಗೂ ಆ ಸಾಲು ಗೊತ್ತಿರಲಿಲ್ಲ. ಯಾರಾದರೂ ಕಲಿಸುತ್ತಾರೆ ಎನ್ನೋಣವೆಂದರೆ ಕಿವುಡನಿಗೆ ಕಲಿಸುವುದು ಹೇಗೆ? ತಲೆ ಕೆಟ್ಟಿದೆ ಎನ್ನಲೂ ಆಗದು. ಮೆಣಸಿನಕಾಯಿ ಕೈಗೆ ಬಂದೊಡನೆ ತೆಳ್ಳನೆಯ ಕಡ್ಡಿ ತಳಿ ಯಾವುದು, ದಪ್ಪನೆಯ ಡಬ್ಬಿ ತಳಿ ಯಾವುದು ಎಂದು ಬೇರೆ ಹಾಕುವ ಮನುಷ್ಯ ಅವನು.

"ಅಂದ ಮ್ಯಾಲ ದೇವರ ನುಡೀನ ಆತಲ್ರಿ ಸರ," ಎಂದ ಪ್ರಭುಲಿಂಗಪ್ಪ.

"ಬ್ಯಾರೆ ದಾರಿ ನನಗ ಕಾಣವಲ್ದು. ಕಾಣವಲ್ದು ಅಂದ್ರ ಇಲ್ಲ ಅಂತಲ್ರಿ ಹಿರ್ಯಾರ. ಮನಿಯಾಕಿ ಒಂದು ಆಣೆ ಮಾಡ್ಲಿ."

ಸುಶೀಲವ್ವನಿಗೆ ಪರೀಕ್ಷೆಯೇ ಬೇಕಿರಲಿಲ್ಲ. ಊರಿಗೆಲ್ಲ ಒಂದು ನಂಬಿಕೆಯಾದರೆ ಅವಳದೇ ಒಂದು. ಗಂಡ ಕ್ವಾರಿಗೆ ಹೋಗಿದ್ದಾಗ ಮೂರು ವರ್ಷದ ಮಗಳು ಅಂಜಲಿ ತೀರಿಕೊಂಡಿತ್ತು. "ಜ್ವರ ಬಂದು ಹೋತು" ಎಂಬುದರಾಚೆ ಅವಳು ಯಾರಿಗೂ ಬಾಯಿ ಬಿಟ್ಟವಳಲ್ಲ, ತವರಿಗೂ ಇಲ್ಲ, ಗಂಡನಿಗೂ ಇಲ್ಲ. ಹೇಳಿಕೊಂಡದ್ದು ಗುಡ್ಡದಯ್ಯನಿಗೆ ಮಾತ್ರ. ದಿನಾ ಮೆಣಸಿನಕಾಯಿ ಬಿಡಿಸುವಾಗ ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದಳು. ಕಣ್ಣೀರಿಗೆ ಘಾಟಿನ ನೆವವಿತ್ತು. "ಕಡೀ ಗುಟುಕು ಬೆಲ್ಲದ ನೀರು ಕುಡಿಸಿದ್ನೆಪ್ಪಾ. ನಕ್ಕು, ಯವ್ವಾ ಅಂತು, ನನ್ನ ಉಡ್ಯಾಗ ಕಣ್ಣು ಮುಚ್ಚಿತು." ಅತ್ತೆಯ ಕಾಟ, ಗಂಡನ ಹಳೆಯ ಕುಡಿತ ಎಲ್ಲವೂ ಅದರ ಹಿಂದೆಯೇ ಬರುತ್ತಿದ್ದವು. ಅಮಾವಾಸ್ಯೆಯ ನುಡಿಯಲ್ಲಿ ತನ್ನದೇ ಸಂಕಟ ಕೇಳಿದಾಗೆಲ್ಲ ಅವಳ ಎದೆ ಹಗುರವಾಗುತ್ತಿತ್ತು. ಬಡವಿಯ ಮಾತಿಗೂ ಮೇಲೆ ಒಂದು ಕಿವಿ ಇದೆ ಎಂಬ ನಂಬಿಕೆ, ಆಕೆ ಬದುಕಿದ್ದೇ ಅದರ ಮೇಲೆ.

ಅಮಾವಾಸ್ಯೆಯ ಮಧ್ಯಾಹ್ನ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಶೀಲವ್ವ ದೇವರ ಅರಿಶಿನದ, ಭಂಡಾರದ ತಟ್ಟೆಯಲ್ಲಿ ಕೈಯಿಟ್ಟಳು.

"ನನ್ನ ಗಂಡಗ ಕಿವಿ ಕೇಳಂಗಿಲ್ಲ. ಅವಗ ಯಾರೂ ಏನೂ ಕಲಿಸಿಲ್ಲ. ಸುಳ್ಳಾದ್ರ ಗುಡ್ಡದಯ್ಯ ನನ್ನ ನಾಲಿಗಿ ಸೀಳಲಿ."

"ಅಷ್ಟು ಸಾಕವಾ," ಎಂದ ಪ್ರಭುಲಿಂಗಪ್ಪ. ಅವನ ಕಣ್ಣುಗಳು ಒದ್ದೆಯಾಗಿದ್ದವು.

ಡೊಳ್ಳು ಏರಿತು. ತಿರಕಪ್ಪನ ಮೈ ನಡುಗಿತು. ಡೊಳ್ಳು ನಿಂತೊಡನೆ ಅವನ ದನಿ ಎದ್ದಿತು.

"ಅಳಬೇಡ ಮಗಳೇ ಸುಶೀಲಾ! ಬೆಲ್ಲದ ನೀರು ಕುಡಿದ ಕೂಸು, ಯವ್ವಾ ಎಂದು ನಕ್ಕ ಕೂಸು, ನಿನ್ನ ಉಡಿಯಿಂದ ಎದ್ದು ನನ್ನ ಉಡಿಗೆ ಬಂದಿದೆ!"

ಗುಡಿ ಗುಡಿಯೇ ಅತ್ತಿತು. ಯಾರೋ ಸುಶೀಲವ್ವನ ಕಾಲು ಮುಟ್ಟಿ ನಮಸ್ಕರಿಸಿದರು. ದೇವರು ತನ್ನ ಹೆಸರು ಹಿಡಿದು ಕರೆದನಲ್ಲ! ಅವಳಿಗೆ ಬೇರೇನೂ ಬೇಕಿರಲಿಲ್ಲ.

ಕಿರಣಕುಮಾರ ಅವಳ ಪಕ್ಕಕ್ಕೆ ಬಂದ. "ಅಮ್ಮಾರ, ಈ ಮಾತು ನೀವು ಯಾರಿಗರ ಹೇಳಿದ್ರೇನು?"

"ದೇವರಾಣೆ ಇಲ್ರಿ. ಒಂದು ನರಪಿಳ್ಳೆಗೂ ಹೇಳಿಲ್ಲ."

"ಹಂಗಾದ್ರ ಮುಗೀತು. ನಾನೂ ಒಪ್ಪಿದೆ, ಇದು ದೇವರ ನುಡಿ. ಒಂದೇ ಮಾತು ಹೇಳಿಬಿಡ್ರಿ. ಖರೇನ ಹಿಂಗ ಆಗಿತ್ತಲ್ರೀ?"

ಹೌದು ಎನ್ನಲು ಸುಶೀಲವ್ವ ಬಾಯಿ ತೆರೆದಳು. ಅವಳು ಮೆಲ್ಲಗೆ ಗಂಡನ ಕಡೆ ತಿರುಗಿದಳು. ಹಣೆಯ ಭಂಡಾರ ಒರೆಸಿಕೊಳ್ಳುತ್ತಿದ್ದ ಅವನ ಕೈ ಅಲ್ಲೇ ನಿಂತಿತ್ತು. ಎಂಟು ವರ್ಷ ಆಡಿದ ಒಂದೊಂದು ಮಾತೂ, ಅವನನ್ನು ಬೈದದ್ದೂ ಸಹ, ಅವಳಿಗೆ ನೆನಪಾಯಿತು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯ ಅವಳಿಗೆ ಇಂಥ ಮೋಸ ಮಾಡಿದ್ದ.

ಬೆಲ್ಲದ ನೀರು ಕುಡಿಸಿದ್ದು, ಕೂಸು ನಕ್ಕದ್ದು, ಯವ್ವಾ ಎಂದದ್ದು, ಯಾವುದೂ ನಡೆದಿರಲಿಲ್ಲ. ಅಂದು ಅವಳು ದಣಿದು ನಿದ್ದೆ ಹೋಗಿದ್ದಳು. ಎಚ್ಚರವಾದಾಗ ಮಗು ತಣ್ಣಗಾಗಿತ್ತು. ಆ ಪಾಪ ತಾಳಲಾರದೆ ಅವಳೇ ಕಟ್ಟಿಕೊಂಡ ಸುಳ್ಳು ಅದು.

ಆ ಸುಳ್ಳನ್ನು ದೇವರು ನಂಬುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಗಂಡ ನಂಬುತ್ತಾನೆ.