ಬಟ್ಟೆಯ ಎರಡು ಜಗ್ಗು

ಛಟ್, ಛಟ್!

ಜಗ್ಗಿದ ರಭಸಕ್ಕೆ ಅರೆ ಒಣಗಿದ ಬೆಡ್‌ಶೀಟು ಎರಡು ಸಲ ಸದ್ದು ಮಾಡಿತು. ಮಡಚುವ ಕೋಣೆಯೊಳಗೆ ಆಗತಾನೇ ಕಾಲಿಟ್ಟಿದ್ದ ಏಣಿ ಗಕ್ಕನೆ ನಿಂತಳು. ಆ ಎರಡು ಜಗ್ಗಿನ ಅರ್ಥ ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅದನ್ನು ಹುಟ್ಟುಹಾಕಿದ್ದೇ ಅವಳು ಮತ್ತು ಗಿಡ್ಡಿ.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಶೀಟು ಮಡಚಲು ಇಬ್ಬರು ಬೇಕು. ವರ್ಷಗಟ್ಟಲೆ ಒಂದು ತುದಿಯಲ್ಲಿ ಈ ಉದ್ದನೆಯ ಹೆಂಗಸು, ಇನ್ನೊಂದು ತುದಿಯಲ್ಲಿ ಅವಳ ಹೆಗಲಿಗೂ ಬಾರದ ಗೆಳತಿ. ಏಣಿ, ಗಿಡ್ಡಿ ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದರು. ಗಿಡ್ಡಿ ಯಾವಾಗಲೂ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಮಾಲೀಕರದು ಸದ್ದಿಲ್ಲದ ರಬ್ಬರ್ ಚಪ್ಪಲಿ. ಅವರು ಕಂಡರೆ ಗಿಡ್ಡಿ ಬಟ್ಟೆಯನ್ನು ಮೆತ್ತಗೆ ಎರಡು ಸಲ ಜಗ್ಗುತ್ತಿದ್ದಳು. ಬೆಕ್ಕು ಬಂತು ಎಂದರ್ಥ! ಏಣಿಯ ಹರಟೆ ಅಲ್ಲಿಗೇ ನಿಲ್ಲುತ್ತಿತ್ತು.

ಈಗ ಏಣಿ ಮ್ಯಾನೇಜರ್. ಅಂದರೆ ಈಗ ಬೆಕ್ಕು ಅವಳೇ. ಗಿಡ್ಡಿ ತನ್ನ ಹೊಸ ಜೊತೆಗಾರ್ತಿಗೆ ಎಚ್ಚರ ಹೇಳುತ್ತಿದ್ದಾಳೆ. ಅದೂ ಕದ್ದುಮುಚ್ಚಿ ಅಲ್ಲ, ಇಡೀ ಕೋಣೆಗೆ ಕೇಳುವ ಹಾಗೆ! ಎಷ್ಟು ಸೊಕ್ಕಿರಬೇಡ! ಏಣಿಯ ಮೈ ಉರಿಯಿತು. ಸೆಟೆದು ನಿಂತು, “ಏನ್ರೇ ಅದು, ಮೂಲೆ ಸರಿಯಾಗಿ ಕೂಡಿಸ್ರಿ!” ಎಂದು ಗದರಿದಳು.

ಅಷ್ಟರಲ್ಲಿ ಮಾಲೀಕರು ಇಣುಕಿ, ತಲೆದೂಗಿ ಹೋದರು. ಸದ್ಯ, ಒಳ್ಳೆಯ ಹೊತ್ತಿಗೇ ಬಂದರು ಎಂದುಕೊಂಡಳು.

ಕೆಲಸ ಕೊಟ್ಟ ದಿನವೇ ಮಾಲೀಕರು ಕಡ್ಡಿ ಮುರಿದ ಹಾಗೆ ಹೇಳಿದ್ದರು: “ಮ್ಯಾನೇಜರ್ ಆದವಳಿಗೆ ಗೆಳತಿಯರು ಇರಬಾರ್ದು. ಕೂರಬಾರ್ದು. ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು. ಕೂತ್ಕೊಂಡು ಚಹಾ ಕುಡೀತಿದ್ದ ಹಿಂದಿನ ಮ್ಯಾನೇಜರ್‌ನ ನಾನೇ ಹಿಡಿದು ಮನೆಗೆ ಕಳ್ಸಿದ್ದೀನಿ, ಆ ಜಾಗ ನಿಂಗೆ. ಒಂದು ತಿಂಗಳು ನೋಡ್ತೀನಿ. ಸರಿಬರ್ಲಿಲ್ಲ ಅಂದ್ರೆ ಹಳೇ ಕೆಲ್ಸವೂ ಇಲ್ಲ.”

ಮನೆಯಲ್ಲಿ ಗಂಡನ ಸೊಂಟ ಬಿದ್ದುಹೋಗಿತ್ತು, ಮಗಳು ಇನ್ನೂ ಓದುತ್ತಿದ್ದಳು. ಈ ಕೆಲಸ ಕೈಬಿಟ್ಟರೆ ಬೀದಿಯೇ ಗತಿ. ಮಗಳಿಗೆ ಜ್ವರ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಜೊತೆಗೆ ಕೂತಿದ್ದವಳು ಇದೇ ಗಿಡ್ಡಿ. ಒಡಹುಟ್ಟಿದವಳಿಗಿಂತ ಹೆಚ್ಚು ಎಂದು ನಂಬಿದ್ದವಳೇ ಹೀಗೆ ಕೈಕೊಟ್ಟರೆ ಯಾರಿಗೆ ಹೇಳಿಕೊಳ್ಳುವುದು?

ಅದು ಒಂದು ದಿನಕ್ಕೆ ಮುಗಿಯಲಿಲ್ಲ. ಕಾಲು ಸೋತು ಬಟ್ಟೆಯ ಗಂಟಿನ ಮೇಲೆ ಒರಗಿದರೆ, ಛಟ್ ಛಟ್. ಚಹಾದ ಲೋಟ ತುಟಿಗಿಟ್ಟರೆ, ಛಟ್ ಛಟ್. ಪ್ರತಿ ಸಲವೂ ಏಣಿ ಲೋಟ ಕುಕ್ಕಿ ಎದ್ದುನಿಂತು ಬೈಯುತ್ತಿದ್ದಳು. ಹೊಸ ಜೊತೆಗಾರ್ತಿ ಕಿಸಕ್ಕನೆ ನಗುತ್ತಿದ್ದಳು. ಊಟದ ಕೋಣೆಗೆ ಹೋದರೆ ಎಲ್ಲರ ಬಾಯಿಗೂ ಬೀಗ. ಮಾಲೀಕರು ಊರಲ್ಲಿಲ್ಲದ ಎರಡು ದಿನ ಮಾತ್ರ ಜಗ್ಗಿನ ಸುಳಿವೇ ಇರಲಿಲ್ಲ. ಅಂತೂ ನಾಚಿಕೆಯಾಯಿತೇನೋ ಎಂದುಕೊಂಡರೆ, ಮೂರನೆಯ ದಿನ ಮತ್ತೆ ಶುರು.

ಸಂಜೆ ಗೇಟಿನ ಬಳಿ ಗಿಡ್ಡಿ ಎಂದಿನಂತೆ ಕಾಯುತ್ತಿದ್ದಳು. “ಬಾರೇ, ಒಟ್ಟಿಗೆ ಹೋಗೋಣ. ಎಷ್ಟು ದಿನ ಆಯ್ತು ಮಾತಾಡಿ.”

“ನಂಗೆ ಕೆಲ್ಸ ಇದೆ,” ಎಂದು ಏಣಿ ಮುಖ ತಿರುಗಿಸಿ ನಡೆದಳು. ತಿರುಗಿ ನೋಡಿದರೆ ಅತ್ತೇಬಿಡುತ್ತೇನೆ ಎಂಬ ಭಯವಿತ್ತು.

ತಿಂಗಳು ತುಂಬಲು ಇನ್ನು ಕೆಲವೇ ದಿನವಿದ್ದಾಗ ಮಾಲೀಕರು ಅವಳನ್ನು ಮೇಲಿನ ಕೋಣೆಗೆ ಕರೆಸಿದರು. “ಯಾವಾಗ ಬಂದ್ರೂ ನಿಂತೇ ಇರ್ತೀಯ, ಭೇಷ್! ಆದ್ರೆ ಒಬ್ಬರನ್ನ ತೆಗೀಬೇಕು. ಯಾರನ್ನ ಅಂತ ನೀನೇ ಹೇಳು. ಅದನ್ನ ಹೇಳೋಕೆ ಬಂದ್ರೆ ನೀನು ಮ್ಯಾನೇಜರ್.”

ಏಣಿ ಗಿಡ್ಡಿಯನ್ನು ಕರೆಸಿದಳು.

ಮಾಲೀಕರು ಕುರ್ಚಿಯಲ್ಲೇ ಕೂತಿದ್ದರು. ಏಣಿ ಗೆಳತಿಯ ಮುಖ ನೋಡದೆ ಕೇಳಿದಳು: “ಛಟ್ ಛಟ್ ಅಂತ ಜಗ್ಗೋದು ನಂಗೆ ಕೇಳ್ಸಲ್ಲ ಅಂದ್ಕೊಂಡ್ಯಾ?”

“ನಿಂಗೆ ಕೇಳ್ಸಲಿ ಅಂತಾನೇ ಜಗ್ಗಿದ್ದು ಕಣೇ.”

ಎದುರಿಗೇ ಇಷ್ಟು ಧಿಮಾಕು! “ನಾಳೆಯಿಂದ ಬರ್ಬೇಡ,” ಎಂದುಬಿಟ್ಟಳು ಏಣಿ.

ಗಿಡ್ಡಿ ಬಾಯಿ ತೆರೆದಳು. ಮಾಲೀಕರ ಕಡೆ ಒಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡು ಸೆರಗಿನಿಂದ ಕಣ್ಣೊರೆಸಿದಳು. “ಇನ್ಮೇಲೆ ಹುಷಾರಾಗಿರೇ,” ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಬೆದರಿಕೆ ಬೇರೆ ಹಾಕುತ್ತಾಳೆ ಎಂದು ಏಣಿ ಹಲ್ಲು ಕಚ್ಚಿದಳು.

ಮರುದಿನ ಮಧ್ಯಾಹ್ನ ಮಡಚುವ ಕೋಣೆ ತಣ್ಣಗಿತ್ತು. ಗಿಡ್ಡಿಯ ಜಾಗದಲ್ಲಿ, ಬಾಗಿಲಿಗೆ ಮುಖ ಮಾಡಿ, ಅದೇ ಕಿಸಕ್ಕನೆ ನಗುವವಳು ನಿಂತಿದ್ದಳು. ಏಣಿ ಬಾಗಿಲಿಗೆ ಬೆನ್ನು ಹಾಕಿ ಬಟ್ಟೆಯ ಗಂಟಿನ ಮೇಲೆ ಕುಕ್ಕರಿಸಿದಳು, ಚಪ್ಪಲಿ ಕಳಚಿ ಊದಿದ ಪಾದ ನೀವಿಕೊಂಡಳು, ಬಿಸಿ ಚಹಾ ಗುಟುಕರಿಸಿದಳು. ನಗುವವಳು ಒಮ್ಮೆ ತಲೆಯೆತ್ತಿ ಏಣಿಯ ಭುಜದಾಚೆ ನೋಡಿದಳು. ಮತ್ತೆ ತಲೆ ತಗ್ಗಿಸಿ ಸುಮ್ಮನೆ ಮಡಚತೊಡಗಿದಳು. ಜಗ್ಗಿಲ್ಲ, ಸದ್ದಿಲ್ಲ. ಅಬ್ಬಾ, ಕೊನೆಗೂ ನೆಮ್ಮದಿ ಎಂದು ಏಣಿ ಕಣ್ಣು ಮುಚ್ಚಿದಳು.

“ಒಂದು ತಿಂಗಳಿಂದ ನಿನ್ನ ಹಿಂದೆ ಹಿಂದೆನೇ ಬರ್ತಿದ್ದೆ, ಒಂದ್ಸಲವೂ ಸಿಕ್ಕಿರ್ಲಿಲ್ಲ ನೀನು,” ಎಂದರು ಮಾಲೀಕರು, ಅವಳ ಬೆನ್ನ ಹಿಂದಿನಿಂದ.